ಕಾರಿನ ಹೊಳಪಿನ ಹಿಂದಿನ ನೂರು ವರ್ಷ

ಆಯುಧಪೂಜೆಯ ಹಿಂದಿನ ದಿನ ಯಾವ ಊರಿಗೆ ಹೋದರೂ ಒಂದೇ ನೋಟ. ಕೆರೆಯ ತೂಬಿನ ಹತ್ತಿರ ಟ್ರ್ಯಾಕ್ಟರ್ ಸಾಲು, ಬೋರ್‌ವೆಲ್ ಪೈಪಿನ ಮುಂದೆ ಬೈಕ್ ಸಾಲು, ಮೇನ್ ರೋಡಿನ ‘ವಾಟರ್ ಸರ್ವಿಸ್’ ಅಂಗಡಿ ಮುಂದೆ ಕಾರುಗಳ ಸಾಲು. ವರ್ಷವೆಲ್ಲ ಧೂಳು ಕುಡಿದ ಗಾಡಿಗಳು ಅವತ್ತು ಮದುಮಗನಂತೆ ಮಿಂಚುತ್ತವೆ. ಮರುದಿನ ಕುಂಬಳಕಾಯಿ, ನಿಂಬೆಹಣ್ಣು, ಚೆಂಡು ಹೂ.

ಕಳೆದ ಸಲ ಹೀಗೇ ಸಾಲಲ್ಲಿ ನಿಂತಿದ್ದಾಗ ನಮ್ಮ ಗುಂಪಿನ ಒಬ್ಬನಿಗೆ ಒಂದು ಪ್ರಶ್ನೆ ಬಂತು. ಬಣ್ಣ ಇರುವುದೇ ಹೊಳೆಯಲಿಕ್ಕೆ ಅಲ್ಲವಾ? ಅದರ ಮೇಲೆ ಮತ್ತೆ ವ್ಯಾಕ್ಸ್ ಯಾಕೆ ಹಚ್ಚಬೇಕು? ಇದು ಶುರುವಾಗಿದ್ದು ಯಾವಾಗ? ಅಂಗಡಿಯ ಹುಡುಗ ನಕ್ಕು, ‘ಅಣ್ಣಾ, ಹಚ್ಚು ಅಂತಾರೆ, ಹಚ್ತೀನಿ’ ಅಂದ.

ನಮ್ಮಲ್ಲಿ ಇಬ್ಬರು ಬೆಂಗಳೂರಿನಲ್ಲಿ ಓದುವಾಗ ಬೆಳಗ್ಗೆ ಐದಕ್ಕೆ ಎದ್ದು ಅಪಾರ್ಟ್‌ಮೆಂಟಿನ ಕಾರು ತೊಳೆದು ರೂಮಿನ ಬಾಡಿಗೆ ಕಟ್ಟಿದವರು. ಅವರಿಗೂ ಉತ್ತರ ಗೊತ್ತಿರಲಿಲ್ಲ. ಹಾಗಾಗಿ ಎಲ್ಲರೂ ಸೇರಿ ಓದಲು ಕೂತೆವು. ಓದುತ್ತಾ ಹೋದ ಹಾಗೆ ಕಥೆ ಅಮೆರಿಕದ ಕಾರ್ಖಾನೆಯಿಂದ ಬ್ರೆಜಿಲ್‌ನ ಒಣ ನೆಲಕ್ಕೆ ಹೋಯಿತು, ಅಲ್ಲಿಂದ ನಮ್ಮ ನಂದಿಬೆಟ್ಟದ ಬುಡಕ್ಕೂ ಬಂತು. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇವೆ.

ಕುದುರೆ ಗಾಡಿಯಿಂದ ಬಂದ ಪಾಠ

ಕಾರಿಗಿಂತ ಮೊದಲು ಕುದುರೆ ಗಾಡಿ ಇತ್ತು. ಯುರೋಪು, ಅಮೆರಿಕದ ಸಿರಿವಂತರ ಸಾರೋಟುಗಳಿಗೆ ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣ ಹಚ್ಚಿ, ಅದರ ಮೇಲೆ ಮರದ ಅಂಟಿನಿಂದ ಮಾಡಿದ ವಾರ್ನಿಷ್ ಬಳಿಯುತ್ತಿದ್ದರು. ಒಂದು ಪದರ ಒಣಗಬೇಕು, ಉಜ್ಜಬೇಕು, ಮತ್ತೊಂದು ಪದರ ಬಳಿಯಬೇಕು. ಹೀಗೆ ಹತ್ತು ಹದಿನೈದು ಸಲ. ಕೆಲಸ ಮುಗಿಯಲು ವಾರಗಟ್ಟಲೆ ಹಿಡಿಯುತ್ತಿತ್ತು.

ಅಷ್ಟು ಕಷ್ಟಪಟ್ಟ ಬಣ್ಣ ತುಂಬಾ ನಾಜೂಕು. ಹಾಗಾಗಿ ಸಾರೋಟು ನೋಡಿಕೊಳ್ಳುವವರಿಗೆ ಕಟ್ಟುನಿಟ್ಟಿನ ನಿಯಮಗಳಿದ್ದವು. ಕೆಸರು ಒಣಗುವ ಮೊದಲೇ ತೊಳೆಯಬೇಕು. ಬಿಸಿಲಲ್ಲಿ ತೊಳೆಯಬಾರದು. ಕೆಸರನ್ನು ಉಜ್ಜಬಾರದು, ನೀರು ಬಿಟ್ಟು ನೆನೆಸಿ ಇಳಿಸಬೇಕು. ಕೊನೆಗೆ ಮೆದು ಚರ್ಮದಿಂದ ನೀರು ಒರೆಸಬೇಕು.

ಇನ್ನೊಂದು ನಿಯಮ ನಮಗೆ ಬಹಳ ಇಷ್ಟವಾಯಿತು. ಸಾರೋಟು ನಿಲ್ಲಿಸುವ ಕೋಣೆಗೂ ಕುದುರೆ ಲಾಯಕ್ಕೂ ನಡುವೆ ಬಾಗಿಲು ಇರಬಾರದು. ಕುದುರೆಯ ಗಂಜಳದಿಂದ ಏಳುವ ಅಮೋನಿಯಾ ವಾಸನೆಗೆ ವಾರ್ನಿಷ್ ಮಂಕಾಗಿ ಬಿರುಕು ಬಿಡುತ್ತಿತ್ತು. ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಕಾರು ನಿಲ್ಲಿಸುವವರು ಇದನ್ನು ಒಂದು ಸಲ ನೆನೆಸಿಕೊಳ್ಳಿ. ಇವತ್ತಿನ ಬಣ್ಣ ಅಷ್ಟು ಬೇಗ ಸೋಲುವುದಿಲ್ಲ, ನಿಜ. ಆದರೂ ಸಗಣಿ, ಗಂಜಳ ಸಿಡಿದ ಜಾಗವನ್ನು ಅವತ್ತೇ ತೊಳೆದರೆ ಒಳ್ಳೆಯದು.

ಈ ಬಣ್ಣದ ಕೆಲಸಕ್ಕೆ ಇನ್ನೊಂದು ಮುಖ ಇತ್ತು. ಆಗಿನ ಬಣ್ಣದಲ್ಲಿ ಸೀಸ ಇರುತ್ತಿತ್ತು. ಪದರ ಪದರವನ್ನು ಒಣಗಿದ ಮೇಲೆ ಉಜ್ಜುವಾಗ ಏಳುವ ಧೂಳು ಕೆಲಸಗಾರರ ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಹೊಟ್ಟೆನೋವು, ಕೈ ಜೋಲುವುದು, ಕೊನೆಗೆ ಸಾವು. ಗಾಡಿಗೆ ಬಣ್ಣ ಬಳಿಯುವವರಲ್ಲಿ ಸೀಸದ ವಿಷ ಎಲ್ಲರಿಗೂ ಗೊತ್ತಿದ್ದ ಕಾಯಿಲೆಯಾಗಿತ್ತು.

1921ರಲ್ಲಿ ಅಮೆರಿಕದ 3ಎಂ ಕಂಪನಿ ನೀರು ಹಾಕಿ ಉಜ್ಜಬಹುದಾದ ಸ್ಯಾಂಡ್‌ಪೇಪರ್ ಮಾರುಕಟ್ಟೆಗೆ ತಂದಿತು. ಒದ್ದೆ ಮಾಡಿ ಉಜ್ಜಿದರೆ ಧೂಳು ಏಳುವುದಿಲ್ಲ. ನಮ್ಮೂರ ಗ್ಯಾರೇಜಿನಲ್ಲಿ ಇವತ್ತಿಗೂ ‘ವಾಟರ್ ಪೇಪರ್’ ಅಂತ ಕರೆಯುವುದು ಇದನ್ನೇ. ಒಂದು ಕಾಗದ ಎಷ್ಟು ಜನರ ಉಸಿರು ಉಳಿಸಿತು ಅಂತ ಲೆಕ್ಕ ಹಾಕಿದವರಿಲ್ಲ.

ಕಪ್ಪು ಕಾರು, ನೀಲಿ ಕಾರು

ಹೆನ್ರಿ ಫೋರ್ಡ್‌ನ ‘ಮಾಡೆಲ್ ಟಿ’ ಕಾರು 1908ರಲ್ಲಿ ಬಂತು. 1927ರವರೆಗೆ ಸುಮಾರು ಒಂದೂವರೆ ಕೋಟಿ ಕಾರು ತಯಾರಾದವು. 1913ರಲ್ಲಿ ಫೋರ್ಡ್ ಚಲಿಸುವ ಅಸೆಂಬ್ಲಿ ಲೈನ್ ಶುರು ಮಾಡಿದ. ಚಾಸಿ ಜೋಡಿಸಲು ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಕೆಲಸ ಸುಮಾರು ಒಂದೂವರೆ ಗಂಟೆಗೆ ಇಳಿಯಿತು.

ಈಗ ಯೋಚಿಸಿ. ಒಂದೂವರೆ ಗಂಟೆಯಲ್ಲಿ ಜೋಡಿಸಿದ ಗಾಡಿಯ ಬಣ್ಣ ಒಣಗಲು ಮೂರು ನಾಲ್ಕು ವಾರ ಕಾಯುವುದೆಂದರೆ ಹೇಗೆ? ಎಷ್ಟು ದೊಡ್ಡ ಶೆಡ್ಡು ಕಟ್ಟಿದರೂ ಸಾಲದು. ಫೋರ್ಡ್ ಡಾಂಬರಿನ ಜಾತಿಯ ಕಪ್ಪು ವಸ್ತುವನ್ನು ಅಗಸೆ ಎಣ್ಣೆಯ ಜೊತೆ ಬೆರೆಸಿದ ಬಣ್ಣ ಹಚ್ಚಿ, ಒಲೆಯಲ್ಲಿ ಬೇಯಿಸುವ ದಾರಿ ಹಿಡಿದ. ಬಣ್ಣ ಅಗ್ಗ, ಗಟ್ಟಿ. ಆದರೆ ಕಪ್ಪು ಒಂದೇ. 1914ರಿಂದ 1925ರವರೆಗೆ ಮಾಡೆಲ್ ಟಿ ಕಾರು ಕಪ್ಪಿನಲ್ಲಿ ಮಾತ್ರ ಸಿಗುತ್ತಿತ್ತು.

ಬಣ್ಣ ಬಣ್ಣದ ಕಾರು ಬೇಗ ಒಣಗುವಂತೆ ಮಾಡಿದ್ದು ಯುದ್ಧದ ಮದ್ದು. ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಅದ್ದಿದರೆ ‘ಗನ್ ಕಾಟನ್’ ಎಂಬ ಸಿಡಿಮದ್ದು ಸಿಗುತ್ತದೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಮದ್ದನ್ನು ರಾಶಿ ರಾಶಿ ತಯಾರಿಸಿ ಮಾರಿತ್ತು. ಯುದ್ಧ ಮುಗಿಯಿತು. ಕಾರ್ಖಾನೆಗೆ ಬೇರೆ ಕೆಲಸ ಬೇಕಾಯಿತು. ಅದೇ ಹತ್ತಿಯ ವಸ್ತುವನ್ನು ದ್ರಾವಕದಲ್ಲಿ ಕರಗಿಸಿ, ಬಣ್ಣ ಬೆರೆಸಿ, ಗನ್ನಿನಿಂದ ಸಿಂಪಡಿಸಬಹುದಾದ ಲ್ಯಾಕರ್ ಮಾಡಿದರು. ಅದರ ಹೆಸರು ‘ಡ್ಯೂಕೊ’. 1924ರ ಮಾಡೆಲ್ಲಿನ ಓಕ್‌ಲ್ಯಾಂಡ್ ಕಾರು ಈ ಬಣ್ಣ ಹಚ್ಚಿಕೊಂಡು ನೀಲಿಯಾಗಿ ಹೊರಬಂತು. ವಾರಗಟ್ಟಲೆ ಹಿಡಿಯುತ್ತಿದ್ದ ಒಣಗುವ ಕೆಲಸ ಗಂಟೆಗಳಿಗೆ ಇಳಿಯಿತು.

ನಮ್ಮಲ್ಲಿ ಬಡಗಿಗಳು, ಸ್ಪ್ರೇ ಪೇಂಟರ್‌ಗಳು ಇವತ್ತಿಗೂ ‘ಡ್ಯೂಕೊ ಹೊಡೆಸಿ ಸಾರ್’ ಅನ್ನುತ್ತಾರೆ. ನೂರು ವರ್ಷದ ಹಿಂದಿನ ಒಂದು ಕಂಪನಿ ಬಣ್ಣದ ಹೆಸರು ನಮ್ಮ ಊರಿನ ಕಪಾಟು, ಮಂಚದವರೆಗೆ ಬಂದು ಕೂತಿದೆ.

ಲ್ಯಾಕರ್ ಎಂಬ ಪದಕ್ಕೂ ನಮಗೂ ಸಂಬಂಧ ಇದೆ. ಅದರ ಬೇರು ಸಂಸ್ಕೃತದ ‘ಲಾಕ್ಷಾ’, ಅಂದರೆ ಅರಗು. ಮರದ ಮೇಲೆ ಕೂರುವ ಸಣ್ಣ ಹುಳ ಸುರಿಸುವ ಅಂಟು. ಚನ್ನಪಟ್ಟಣದ ಗೊಂಬೆ ಕೆಲಸದವರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಆಮೇಲೆ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಶುರುವಾದ ಬಣ್ಣದ ಕಾರ್ಖಾನೆಯ ಮೊದಲ ಹೆಸರು ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’. ಕಾಡಿನ ಅರಗನ್ನು ಬಳಸಿಕೊಳ್ಳುವುದು ಅದರ ಉದ್ದೇಶಗಳಲ್ಲಿ ಒಂದು. ಓಟು ಹಾಕಿದಾಗ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದೂ ಇಲ್ಲೇ. ಡ್ಯೂಕೊ ಬಣ್ಣದಲ್ಲಿ ಅರಗು ಇಲ್ಲ, ಹೆಸರಷ್ಟೇ ಅರಗಿನದು.

ಎರಡು ಬಣ್ಣದ ಕಾರಿನ ಫ್ಯಾಷನ್ ಬಂದಾಗ ಪೇಂಟರ್‌ಗಳಿಗೆ ಇನ್ನೊಂದು ತಲೆನೋವು. ಒಂದು ಬಣ್ಣ ಮುಚ್ಚಿ ಇನ್ನೊಂದು ಹೊಡೆಯಲು ಕಾಗದ ಅಂಟಿಸಬೇಕು. ಅಂಟು ಕಿತ್ತರೆ ಹೊಸ ಬಣ್ಣವೂ ಕಿತ್ತು ಬರುತ್ತಿತ್ತು. ಸ್ಯಾಂಡ್‌ಪೇಪರ್ ಸ್ಯಾಂಪಲ್ ಕೊಡಲು ಗ್ಯಾರೇಜಿಗೆ ಹೋಗಿದ್ದ 3ಎಂ ಕಂಪನಿಯ ರಿಚರ್ಡ್ ಡ್ರೂ ಪೇಂಟರ್‌ಗಳು ಬೈಯುವುದನ್ನು ಕೇಳಿಸಿಕೊಂಡ. 1925ರಲ್ಲಿ ಮಾಸ್ಕಿಂಗ್ ಟೇಪ್ ಮಾಡಿದ.

ವ್ಯಾಕ್ಸ್ ಯಾಕೆ ಬೇಕಾಯಿತು?

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಲ್ಯಾಕರ್ ಬೇಗ ಒಣಗುತ್ತಿತ್ತು, ಆದರೆ ತಾನಾಗಿ ಹೊಳೆಯುತ್ತಿರಲಿಲ್ಲ. ಉಜ್ಜಿ ಪಾಲಿಶ್ ಮಾಡಿದರೇ ಹೊಳಪು. ಬಿಸಿಲಿಗೆ ಬಿಟ್ಟರೆ ಮೇಲ್ಪದರ ಸುಣ್ಣದ ಪುಡಿಯಂತೆ ಮಂಕಾಗುತ್ತಿತ್ತು. ಮಂಕಾದ ಪದರವನ್ನು ಪಾಲಿಶ್ ಹಾಕಿ ಸವೆಸಬೇಕು. ಕೆಳಗಿನ ಹೊಸ ಪದರ ಮತ್ತೆ ಮಂಕಾಗದ ಹಾಗೆ ವ್ಯಾಕ್ಸ್ ಹಚ್ಚಿ ಕಾಯಬೇಕು.

ಇಲ್ಲಿ ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಪಾಲಿಶ್ ಅಂದರೆ ಸವೆಸುವುದು, ವ್ಯಾಕ್ಸ್ ಅಂದರೆ ಮೇಲೆ ಹೊದಿಸುವುದು. ಎಷ್ಟೋ ಜನ ಎರಡೂ ಒಂದೇ ಅಂದುಕೊಂಡು ತಿಂಗಳಿಗೊಮ್ಮೆ ಪಾಲಿಶ್ ಹೊಡೆಸುತ್ತಾರೆ. ಪ್ರತಿ ಸಲವೂ ಬಣ್ಣ ಸ್ವಲ್ಪ ಸ್ವಲ್ಪ ತೆಳುವಾಗುತ್ತಾ ಹೋಗುತ್ತದೆ.

1910ರ ಹೊತ್ತಿಗೆ ಷಿಕಾಗೊದಲ್ಲಿ ‘ಸೈಮನೈಸ್’ ಎಂಬ ಕಾರಿನ ವ್ಯಾಕ್ಸ್ ಬಂದಿತ್ತು. ಅಮೆರಿಕದಲ್ಲಿ ಕಾರಿಗೆ ವ್ಯಾಕ್ಸ್ ಹಾಕುವುದಕ್ಕೇ ‘ಸೈಮನೈಸ್ ಮಾಡುವುದು’ ಎನ್ನುವಷ್ಟು ಹೆಸರಾಯಿತು. 1914ರಲ್ಲಿ ಡೆಟ್ರಾಯಿಟ್‌ನಲ್ಲಿ ‘ಆಟೊಮೊಬೈಲ್ ಲಾಂಡ್ರಿ’ ಶುರುವಾಯಿತು. ಬಟ್ಟೆ ಒಗೆಯುವ ಅಂಗಡಿಯ ಹಾಗೆ ಕಾರು ತೊಳೆಯುವ ಅಂಗಡಿ. ಯಂತ್ರ ಇರಲಿಲ್ಲ. ಕಾರನ್ನು ಆಳುಗಳು ಕೈಯಿಂದ ತಳ್ಳುತ್ತಾ ಹೋಗುತ್ತಿದ್ದರು. ಒಬ್ಬ ಸೋಪು ಹಾಕಿದರೆ, ಮುಂದಿನವನು ತೊಳೆಯುತ್ತಿದ್ದ, ಅದರ ಮುಂದಿನವನು ಒರೆಸುತ್ತಿದ್ದ.

1940ರ ದಶಕದಲ್ಲಿ ಷಿಕಾಗೊದ ಬೆನ್ ಹಿರ್ಷ್ ಮನೆಯ ಬಾತ್‌ಟಬ್‌ನಲ್ಲಿ ದ್ರವರೂಪದ ವ್ಯಾಕ್ಸ್ ಕಲಸಿ ಮಾರಲು ಹೊರಟ. ರಸ್ತೆ ಬದಿ ನಿಲ್ಲಿಸಿದ ಕಾರುಗಳ ಒಂದು ಮಡ್‌ಗಾರ್ಡ್ ಮಾತ್ರ ಮಿಂಚಿಸಿ, ಮಾಲೀಕ ಬರುವವರೆಗೆ ಅಲ್ಲೇ ಕಾಯುತ್ತಿದ್ದನಂತೆ. ಒಂದು ಕಡೆ ಮಿಂಚಿ ಇನ್ನೊಂದು ಕಡೆ ಮಂಕಾಗಿದ್ದರೆ ಯಾರು ತಾನೆ ಸುಮ್ಮನಿದ್ದಾರು? ಡಬ್ಬಿ ಖರ್ಚಾಗುತ್ತಿತ್ತು. ಅದೇ ಕಂಪನಿ ಆಮೇಲೆ ‘ಟರ್ಟಲ್ ವ್ಯಾಕ್ಸ್’ ಆಯಿತು.

ಆ ಮೇಣ ಎಲ್ಲಿಂದ ಬಂತು?

ಜೇನುಮೇಣ ಮೆದು. ಬಿಸಿಲಿಗೆ ಕರಗುತ್ತದೆ, ಧೂಳು ಅಂಟುತ್ತದೆ. ಕಾರಿಗೆ ಬೇಕಾದದ್ದು ಗಟ್ಟಿ ಮೇಣ. ಅದು ಸಿಕ್ಕಿದ್ದು ಬ್ರೆಜಿಲ್‌ನಲ್ಲಿ, ಒಂದು ತಾಳೆ ಜಾತಿಯ ಮರದಲ್ಲಿ. ಮರದ ಹೆಸರು ಕಾರ್ನೌಬಾ.

ಬ್ರೆಜಿಲ್‌ನ ಈಶಾನ್ಯದಲ್ಲಿ ಸಿಯಾರಾ, ಪಿಯಾವಿ, ರಿಯೊ ಗ್ರಾಂಡೆ ಡೊ ನಾರ್ಟೆ ಎಂಬ ರಾಜ್ಯಗಳಿವೆ. ಮಳೆ ಕಡಿಮೆ, ಬರ ಪದೇ ಪದೇ. ನಮ್ಮ ಪಾವಗಡ, ಚಳ್ಳಕೆರೆ ಕಡೆಯವರಿಗೆ ಆ ನೆಲ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಒಣ ನೆಲದಲ್ಲಿ ಮರ ತನ್ನ ಗರಿಯೊಳಗಿನ ನೀರು ಆರಿಹೋಗದ ಹಾಗೆ ಮೇಣದ ಪುಡಿಯನ್ನು ಮೇಲೆ ಹೊದ್ದುಕೊಳ್ಳುತ್ತದೆ. ಆ ಮೇಣ ಕರಗಲು 80 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು.

ಬೇಸಿಗೆಯ ತಿಂಗಳುಗಳಲ್ಲಿ ಕೆಲಸಗಾರರು ಉದ್ದ ಕೋಲಿನ ತುದಿಗೆ ಕುಡುಗೋಲು ಕಟ್ಟಿ ಗರಿ ಕತ್ತರಿಸುತ್ತಾರೆ. ನಾವು ಮಾವು ಕೀಳಲು, ಅಡಿಕೆ ಕೊನೆ ಇಳಿಸಲು ದೋಟಿ ಹಿಡಿಯುವ ಹಾಗೆಯೇ. ಗರಿಯ ತೊಟ್ಟಿನಲ್ಲಿ ಮುಳ್ಳು. ಕತ್ತರಿಸಿದ ಗರಿ ಮೇಲಿಂದ ತಲೆ, ಕಣ್ಣಿನ ಮೇಲೆ ಬೀಳುವ ಭಯ. ಗರಿಯನ್ನು ಬಿಸಿಲಿಗೆ ಹರಡಿ ಒಣಗಿಸಿ, ಬಡಿದು ಪುಡಿ ಉದುರಿಸುತ್ತಾರೆ. ಪುಡಿಯನ್ನು ಕರಗಿಸಿ ಸೋಸಿದರೆ ಮೇಣ. ಕಾರಿನ ವ್ಯಾಕ್ಸ್, ಶೂ ಪಾಲಿಶ್, ಮಿಂಚುವ ಚಾಕಲೇಟು, ನುಣುಪಾದ ಮಾತ್ರೆ, ಎಲ್ಲದರಲ್ಲೂ ಇದು ಇರಬಹುದು. ತಿನ್ನುವ ಪದಾರ್ಥದ ಪೊಟ್ಟಣದ ಮೇಲೆ ‘ಇ 903’ ಅಥವಾ ಬರೀ ‘903’ ಅಂತ ಕಂಡರೆ ಅದು ಇದೇ ಮೇಣ.

1935ರಲ್ಲಿ ಅಮೆರಿಕದ ಜಾನ್ಸನ್ ವ್ಯಾಕ್ಸ್ ಕಂಪನಿಯ ಯಜಮಾನ ಎಚ್.ಎಫ್. ಜಾನ್ಸನ್ ನೀರಿನ ಮೇಲೂ ಇಳಿಯುವ ಸಿಕೋರ್ಸ್ಕಿ ವಿಮಾನದಲ್ಲಿ ವಿಸ್ಕಾನ್ಸಿನ್‌ನಿಂದ ಸಿಯಾರಾದವರೆಗೆ ಹಾರಿಹೋದ. ಮುಂದೆಯೂ ತನ್ನ ಕಂಪನಿಗೆ ಸಾಕಷ್ಟು ಮೇಣ ಸಿಗುತ್ತದಾ ಅಂತ ನೋಡುವುದು ಅವನ ಉದ್ದೇಶವಾಗಿತ್ತು. ಮರದ ಬಗ್ಗೆ ಪುಸ್ತಕಗಳು ಬಂದವು, ಕಂಪನಿಯ ಸಾಹಸದ ಕಥೆ ಊರೂರು ಸುತ್ತಿತು. ಗರಿ ಕೊಯ್ಯುವವರ ಹೆಸರು ಅದರಲ್ಲಿ ಎಲ್ಲೂ ಕಾಣುವುದಿಲ್ಲ.

ಅವರ ಕಥೆ ಬಹಳ ವರ್ಷದ ಮೇಲೆ ಹೊರಬಂತು. ಬ್ರೆಜಿಲ್‌ನ ಕಾನೂನಿನಲ್ಲಿ ‘ಗುಲಾಮಗಿರಿಗೆ ಸಮನಾದ ಸ್ಥಿತಿ’ ಎಂಬ ಅಪರಾಧ ಇದೆ. ಅಲ್ಲಿನ ಕಾರ್ಮಿಕ ಇಲಾಖೆಯ ತಪಾಸಣೆಗಾರರು ಕಾರ್ನೌಬಾ ತೋಪುಗಳಿಂದ ಇಂಥ ಸ್ಥಿತಿಯಲ್ಲಿದ್ದ ಕೆಲಸಗಾರರನ್ನು ಮತ್ತೆ ಮತ್ತೆ ಬಿಡಿಸಿದ್ದಾರೆ. 2017ರಲ್ಲಿ ಜರ್ಮನಿಯ ಟಿವಿ ವಾಹಿನಿಯೊಂದು ತೋಪಿಗೆ ಹೋಗಿ ತೋರಿಸಿತು. ಕೆಲಸಗಾರರು ಬಯಲಲ್ಲಿ ಮಲಗುತ್ತಿದ್ದರು, ಶೌಚಾಲಯ ಇರಲಿಲ್ಲ, ಸೋಸದ ಹೊಳೆ ನೀರೇ ಕುಡಿಯಲು. ಯುರೋಪಿನ ದೊಡ್ಡ ಕಂಪನಿಗಳು ಉತ್ತರ ಹೇಳಬೇಕಾಗಿ ಬಂತು.

ಅಲ್ಲಿಗೆ ಹೋದವರು ಪತ್ರಕರ್ತರು ಎಂಬುದು ನಮಗೆ ಮುಖ್ಯ. ಡಬ್ಬಿಯ ಮೇಲೆ ಹೊಳೆಯುವ ಕಾರಿನ ಚಿತ್ರ ಇರುತ್ತದೆ. ಮೇಣ ಎಲ್ಲಿಂದ ಬಂತು ಅಂತ ಯಾರಾದರೂ ಹೋಗಿ ನೋಡಬೇಕಾಗುತ್ತದೆ.

ತೊಗಲಿನ ಸೀಟು

ಈಗ ಕಾರಿನ ಬಾಗಿಲು ತೆಗೆದು ಒಳಗೆ ನೋಡೋಣ. ಇವತ್ತು ಲೆದರ್ ಸೀಟು ಅಂದರೆ ಶ್ರೀಮಂತಿಕೆ. ಮೊದಲು ಹಾಗಿರಲಿಲ್ಲ. ಹಳೆಯ ದೊಡ್ಡ ಕಾರುಗಳಲ್ಲಿ ಚಾಲಕನ ಸೀಟಿನ ಮೇಲೆ ಚಾವಣಿ ಇರುತ್ತಿರಲಿಲ್ಲ. ಮಳೆ, ಬಿಸಿಲು ತಡೆಯಬೇಕಲ್ಲ, ಅದಕ್ಕೆ ಅವನಿಗೆ ಚರ್ಮದ ಸೀಟು. ಹಿಂದೆ ಮುಚ್ಚಿದ ಭಾಗದಲ್ಲಿ ಕೂರುವ ಧಣಿಗೆ ಬೆಲೆಬಾಳುವ ಮೆದು ಬಟ್ಟೆಯ ಸೀಟು.

ಚರ್ಮದ ಕೆಲಸ ಕುದುರೆ ಜೀನಿನಿಂದ, ಸಾರೋಟಿನಿಂದ ಕಾರಿಗೆ ಬಂತು. ಲಂಡನ್ನಿನಲ್ಲಿ 1878ರಲ್ಲಿ ಕಾನೊಲಿ ಸಹೋದರರು ಶುರು ಮಾಡಿದ ಕಂಪನಿ ಮುಂದೆ ರೋಲ್ಸ್ ರಾಯ್ಸ್, ಜಾಗ್ವಾರ್ ಕಾರುಗಳ ಸೀಟಿಗೆ ಚರ್ಮ ಕೊಟ್ಟಿತು. ಆಗ ಚರ್ಮದ ಆರೈಕೆಯೆಂದರೆ ಜೀನು ತೊಳೆಯುವ ಸೋಪು, ದನದ ಕಾಲಿನ ಮೂಳೆ ಬೇಯಿಸಿ ತೆಗೆದ ಎಣ್ಣೆ. ಚರ್ಮ ಎಣ್ಣೆ ಹೀರಿ ಮೆದುವಾಗುತ್ತಿತ್ತು.

ಬಡವರ ಕಾರಿಗೆ ಏನು? ಬಟ್ಟೆಗೆ ಅದೇ ಗನ್ ಕಾಟನ್ ಜಾತಿಯ ವಸ್ತು ಬಳಿದು ಚರ್ಮದಂತೆ ಕಾಣುವ ಹಾಸು ಮಾಡಿದರು. ಇಂಗ್ಲೆಂಡಿನಲ್ಲಿ ಅದರ ಹೆಸರು ‘ರೆಕ್ಸಿನ್’. ಕಾರಿನ ಮೈಗೆ ಹಚ್ಚಿದ್ದೂ ಸೀಟಿಗೆ ಬಳಿದದ್ದೂ ಒಂದೇ ಸಂಬಂಧಿಕರ ಮದ್ದು! ಆಮೇಲೆ ವಿನೈಲ್ ಪ್ಲಾಸ್ಟಿಕ್ ಬಂದರೂ ನಮ್ಮ ಬಾಯಲ್ಲಿ ಹೆಸರು ಮಾತ್ರ ರೆಕ್ಸಿನ್ನೇ ಉಳಿಯಿತು. ಅಂಬಾಸಿಡರ್ ಕಾರಿನ ಹಿಂದಿನ ಸೀಟಿನಲ್ಲಿ ಏಳು ಜನ ಒತ್ತಿಕೊಂಡು ಮದುವೆಗೆ ಹೋದವರಿಗೆ ತೊಡೆ ಸುಡುವ ಆ ರೆಕ್ಸಿನ್ ಚೆನ್ನಾಗಿ ನೆನಪಿದೆ.

ಚರ್ಮ ಹದ ಮಾಡುವುದು ನಮ್ಮ ನಾಡಿನ ಹಳೆಯ ವಿದ್ಯೆ. ಬೇಲಿ ಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ಗೊತ್ತಲ್ಲ, ಕೆಲವು ಕಡೆ ಆವರಿಕೆ ಅನ್ನುತ್ತಾರೆ. ಅದರ ತೊಗಟೆಯ ನೀರಿನಲ್ಲಿ ತೊಗಲು ನೆನೆಸಿ ಹದ ಮಾಡುತ್ತಿದ್ದರು. ಹೀಗೆ ಹದ ಮಾಡಿದ ದಕ್ಷಿಣ ಭಾರತದ ಚರ್ಮ ಮದ್ರಾಸ್ ಬಂದರಿನಿಂದ ಇಂಗ್ಲೆಂಡಿಗೆ ಹಡಗೇರುತ್ತಿತ್ತು. ತೊಗಟೆಗೆ ದುಡ್ಡು, ಚರ್ಮಕ್ಕೆ ದುಡ್ಡು, ಸಾಗಿಸಿದವರಿಗೆ ದುಡ್ಡು. ಹದ ಮಾಡಿದ ಕೈಗಳನ್ನು ಮಾತ್ರ ಜಾತಿಯ ಹೆಸರಲ್ಲಿ ಊರ ಹೊರಗಿಟ್ಟರು, ಬಾವಿ ಮುಟ್ಟಬೇಡ ಅಂದರು. ಅದೇ ತೊಗಲು ಸೀಟಾಗಿ ತಿರುಗಿ ಬಂದಾಗ ‘ಪ್ರೀಮಿಯಂ’ ಅಂತ ಒರಗಿ ಕೂರುತ್ತೇವೆ. ಈ ಲೇಖನ ಬರೆಯುವಾಗ ನಮ್ಮೊಳಗೆ ಹೆಚ್ಚು ಮಾತಾಗಿದ್ದು ಇದೇ ವಿಷಯ.

1884ರಲ್ಲಿ ಅಮೆರಿಕದ ಆಗಸ್ಟಸ್ ಶುಲ್ಟ್ಸ್ ಕ್ರೋಮಿಯಂ ಉಪ್ಪಿನಿಂದ ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ತೊಗಟೆಯಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ಇಲ್ಲೂ ಬಣ್ಣದ ಕಥೆಯೇ: ಸಮಯ ಉಳಿಯಿತು, ಉಳಿದದ್ದು ನೀರಿಗೆ ಸೇರಿತು. ನಂದಿಬೆಟ್ಟದ ಬಳಿ ಹುಟ್ಟಿ ಕೋಲಾರದ ಕಡೆಯಿಂದ ತಮಿಳುನಾಡಿಗೆ ಹೋಗುವ ಪಾಲಾರ್ ಹೊಳೆ, ಅಂಬೂರು, ವಾಣಿಯಂಬಾಡಿ ಸುತ್ತಲಿನ ಚರ್ಮದ ಕಾರ್ಖಾನೆಗಳ ನೀರಿಗೆ ಹಾಳಾಯಿತು. ಬಾವಿ ನೀರು ಕೆಟ್ಟಿತು, ಹೊಲ ಕೆಟ್ಟಿತು. ಅಲ್ಲಿನ ಜನ ಸುಪ್ರೀಂ ಕೋರ್ಟಿಗೆ ಹೋದರು. 1996ರಲ್ಲಿ ಕೋರ್ಟು, ಮಾಲಿನ್ಯ ಮಾಡಿದವರೇ ಅದರ ಬೆಲೆ ತೆರಬೇಕು ಎಂಬ ತತ್ವ ಈ ದೇಶದ ಕಾನೂನಿನ ಭಾಗ ಎಂದಿತು. ಅಲ್ಲಿನ ಚರ್ಮ ಹೆಚ್ಚಾಗಿ ಚಪ್ಪಲಿ, ಶೂಗೆ ಹೋಗುವಂಥದ್ದು. ಆದರೆ ಆ ತೀರ್ಪು ಇವತ್ತು ಕೆರೆ ಉಳಿಸಲು ಹೋರಾಡುವ ಎಲ್ಲ ಊರಿಗೂ ಆಸರೆ.

ಇವತ್ತಿನ ಬಣ್ಣ, ಇವತ್ತಿನ ತಪ್ಪು

1980ರ ದಶಕದಿಂದ ಈಚೆಗೆ ಕಾರಿನ ಬಣ್ಣದ ರೀತಿ ಬದಲಾಯಿತು. ತಗಡಿಗೆ ಮೊದಲು ತುಕ್ಕು ತಡೆಯುವ ಪದರ, ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ‘ಕ್ಲಿಯರ್ ಕೋಟ್’. ಈ ಕ್ಲಿಯರ್ ಕೋಟ್ ಸುಮಾರು 40ರಿಂದ 50 ಮೈಕ್ರಾನ್ ದಪ್ಪ, ನಮ್ಮ ತಲೆಕೂದಲಿಗಿಂತ ತೆಳು. ಹೊಳಪು ಇರುವುದು ಅದರಲ್ಲಿ. ಅದು ಸವೆದರೆ ಸಿಪ್ಪೆ ಸುಲಿದ ಹಾಗೆ ಏಳುತ್ತದೆ. ಆಮೇಲೆ ಯಾವ ವ್ಯಾಕ್ಸೂ ಕಾಪಾಡದು, ಮತ್ತೆ ಪೇಂಟ್ ಹೊಡೆಸಬೇಕು.

ಮತ್ತೆ ಪೇಂಟ್ ಹೊಡೆಸುವುದೆಂದರೆ ಮತ್ತೆ ಒಬ್ಬರ ಶ್ವಾಸಕೋಶದ ಪ್ರಶ್ನೆ. ಈಗಿನ ಗಟ್ಟಿ ಪೇಂಟಿನ ಹಾರ್ಡನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದರ ಹಬೆ ಕುಡಿದ ಸ್ಪ್ರೇ ಪೇಂಟರ್‌ಗಳಿಗೆ ಅಸ್ತಮಾ ಬರಬಹುದು. ಮುಖಕ್ಕೆ ಕರ್ಚೀಫು ಕಟ್ಟಿಕೊಂಡರೆ ಅದು ನಿಲ್ಲುವುದಿಲ್ಲ. ಅದಕ್ಕೆ ಸರಿಯಾದ ಮಾಸ್ಕು, ಗಾಳಿ ಹೊರಹಾಕುವ ವ್ಯವಸ್ಥೆ ಬೇಕು. ನಿಮ್ಮೂರಿನ ಪೇಂಟಿಂಗ್ ಶೆಡ್ಡಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗ ನಿಮ್ಮ ತಮ್ಮನೋ ಅಳಿಯನೋ ಆಗಿದ್ದರೆ ಈ ಮಾತನ್ನು ಅವನಿಗೆ ತಲುಪಿಸಿ.

ನೂರು ವರ್ಷದ ಅನುಭವದಿಂದ ನಾವು ಆರಿಸಿಕೊಂಡ ಕೆಲವು ಪಾಠ ಇಲ್ಲಿವೆ.

ಒಣ ಧೂಳನ್ನು ಒಣ ಬಟ್ಟೆಯಿಂದ ಒರೆಸಬೇಡಿ. ನಮ್ಮ ಕೆಮ್ಮಣ್ಣಿನ ಧೂಳು ಸ್ಯಾಂಡ್‌ಪೇಪರಿಗೆ ಸಮ. ಮೊದಲು ನೀರು ಬಿಟ್ಟು ಮಣ್ಣು ಇಳಿಸಿ.

ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಪ್ರತಿ ಸಲ ಬರೀ ನೀರಿನಲ್ಲಿ ಜಾಲಿಸಿ, ಆಮೇಲೆ ಶಾಂಪೂಗೆ ಅದ್ದಿ. ಮೇಲಿನಿಂದ ಕೆಳಕ್ಕೆ ಬನ್ನಿ, ಚಕ್ರ ಕೊನೆಗೆ.

ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಸೋಪು ಬೇಡ. ಜಿಡ್ಡು ತೆಗೆಯಲೆಂದೇ ಮಾಡಿದ್ದು ಅವು, ಹಚ್ಚಿದ ವ್ಯಾಕ್ಸನ್ನೂ ತೆಗೆಯುತ್ತವೆ. ಡೀಸೆಲ್, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದರೆ ಒಂದು ಗಂಟೆ ಹೊಳೆಯುತ್ತದೆ, ಆಮೇಲೆ ಊರಿನ ಧೂಳೆಲ್ಲ ಅಂಟುತ್ತದೆ.

ಬೋರ್‌ವೆಲ್ ನೀರು ತಾನಾಗಿ ಆರಲು ಬಿಡಬೇಡಿ. ಗಡಸು ನೀರಿನ ಸುಣ್ಣ ಬಿಳಿ ಕಲೆಯಾಗಿ ಕೂರುತ್ತದೆ. ನೆರಳಲ್ಲಿ ತೊಳೆದು ತಕ್ಷಣ ಒರೆಸಿ. ಹಕ್ಕಿ ಹಿಕ್ಕೆ, ಮರದ ಅಂಟು ಬಿದ್ದರೆ ಒದ್ದೆ ಬಟ್ಟೆ ಹಾಕಿ ನೆನೆಸಿ, ಅವತ್ತೇ ತೆಗೆಯಿರಿ.

ವ್ಯಾಕ್ಸ್ ಎರಡು ಮೂರು ತಿಂಗಳಿಗೊಮ್ಮೆ ಸಾಕು. ನೀರು ಹನಿ ಹನಿಯಾಗಿ ಉರುಳುತ್ತಿದ್ದರೆ ಹಳೆಯ ವ್ಯಾಕ್ಸ್ ಇನ್ನೂ ಇದೆ ಎಂದರ್ಥ. ಪಾಲಿಶ್ ಮಾತ್ರ ನಿಜವಾಗಿ ಮಂಕಾದಾಗ.

ಸೀಟಿಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಈಗಿನ ಹೆಚ್ಚಿನ ಕಾರು ಚರ್ಮದ ಮೇಲೆ ಪ್ಲಾಸ್ಟಿಕ್ ಜಾತಿಯ ತೆಳು ಪದರ ಇರುತ್ತದೆ. ಎಣ್ಣೆ ಒಳಗೆ ಇಳಿಯುವುದಿಲ್ಲ, ಮೇಲೆ ನಿಂತು ಕೊಳೆ ಕಟ್ಟುತ್ತದೆ. ಮೆದು ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಆರಿಸಿ. ಬೆವರು, ಧೂಳು, ಬಿಸಿಲು, ಈ ಮೂರರಿಂದ ಕಾಪಾಡಿದರೆ ಸಾಕು.

ನೀರಿನ ಲೆಕ್ಕ

ಕೊನೆಯದಾಗಿ ನೀರು. 15 ಲೀಟರ್‌ನ ಎರಡು ಬಕೆಟ್ ಅಂದರೆ 30 ಲೀಟರ್. ಮಣ್ಣು ಇಳಿಸಲು, ಜಾಲಿಸಲು ಇನ್ನೊಂದು ಎರಡು ಬಕೆಟ್. ಪೈಪು ಹಿಡಿದರೆ? ನೀವೇ ಅಳೆದು ನೋಡಿ. 15 ಲೀಟರ್ ಬಕೆಟ್ ಒಂದು ನಿಮಿಷದಲ್ಲಿ ತುಂಬಿದರೆ, ಹತ್ತು ನಿಮಿಷಕ್ಕೆ 150 ಲೀಟರ್.

2024ರ ಮಾರ್ಚ್‌ನಲ್ಲಿ ಬೆಂಗಳೂರು ನೀರಿಗಾಗಿ ಬಾಯಿ ಬಿಟ್ಟಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, 5,000 ರೂಪಾಯಿ ದಂಡ ಎಂದಿತು. ಜರ್ಮನಿಯ ಎಷ್ಟೋ ಊರುಗಳಲ್ಲಿ ಮನೆ ಮುಂದಿನ ರಸ್ತೆಯಲ್ಲಿ ಕಾರು ತೊಳೆಯುವಂತಿಲ್ಲ. ಎಣ್ಣೆ, ಸೋಪು ಅಂತರ್ಜಲಕ್ಕೆ ಇಳಿಯಬಾರದು ಎಂಬುದು ಕಾರಣ. ನಮ್ಮಲ್ಲಿ ದನ ನೀರು ಕುಡಿಯುವ ಕೆರೆಗೇ ಟ್ರ್ಯಾಕ್ಟರ್ ಇಳಿಸಿ ಗ್ರೀಸು ತೊಳೆಯುತ್ತೇವೆ. ಏರಿಯ ಆಚೆ, ತೆಂಗಿನ ಮರಗಳಿಂದ ದೂರದ ಗಟ್ಟಿ ಜಾಗದಲ್ಲಿ ತೊಳೆಯಲು ಪಂಚಾಯಿತಿ ಒಂದು ಜಾಗ ಗುರುತಿಸಿದರೆ ಖರ್ಚು ದೊಡ್ಡದಲ್ಲ. ಮುಂದಿನ ಗ್ರಾಮಸಭೆಯಲ್ಲಿ ಕೇಳಿ ನೋಡಿ.

ಬೆಂಗಳೂರಿನಲ್ಲಿ ಕಾರು ತೊಳೆದ ನಮ್ಮ ಗೆಳೆಯರಲ್ಲಿ ಒಬ್ಬನ ಬೆರಳ ಸಂದಿಗಳಲ್ಲಿ ಚರ್ಮ ಇವತ್ತಿಗೂ ಬಿರುಕು ಬಿಡುತ್ತದೆ. ಸೋಪು, ತಣ್ಣೀರು, ಮುಂಜಾನೆಯ ಚಳಿ. ಎರಡು ವರ್ಷದಲ್ಲಿ ಒಬ್ಬ ಮಾಲೀಕರು ಮಾತ್ರ ರಬ್ಬರ್ ಗ್ಲೌಸ್ ತಂದುಕೊಟ್ಟಿದ್ದರಂತೆ. ಅವರ ಕಾರಿನ ನಂಬರು ಅವನಿಗೆ ಇನ್ನೂ ಬಾಯಿಪಾಠ.

ಈ ಆಯುಧಪೂಜೆಗೆ ಗಾಡಿ ತೊಳೆಸುವಾಗ ವಾಟರ್ ಸರ್ವಿಸ್ ಹುಡುಗನಿಗೆ ವ್ಯಾಕ್ಸ್ ಯಾಕೆ ಹಚ್ಚುತ್ತಾರೆ ಅಂತ ನಾವು ಹೇಳಿಕೊಡಬೇಕು ಅಂದುಕೊಂಡಿದ್ದೇವೆ. ಜೊತೆಗೆ ಒಂದು ಜೊತೆ ಗ್ಲೌಸ್ ಒಯ್ಯುತ್ತೇವೆ. ನೀವೂ ಒಯ್ಯಿರಿ.